ಜೀನು ಹಾಕುವ ಮೊದಲು ಗೊರಸು ಎತ್ತಿ ನೋಡಿ

ಮಳೆ ನಿಂತು ಅಕ್ಟೋಬರ್ ಬಂತೆಂದರೆ ಪಣಂಬೂರು, ಮಲ್ಪೆ ಕಡಲ ಕರೆಯಲ್ಲಿ ಮತ್ತೆ ಜನ ಸೇರುತ್ತಾರೆ. ಕುದುರೆ ಕಂಡ ಕೂಡಲೇ ಮಕ್ಕಳು ಹಟ ಹಿಡಿಯುತ್ತಾರೆ. ಸವಾರಿ ಕಲಿಯಬೇಕೆಂಬ ಆಸೆ ದೊಡ್ಡವರಿಗೂ ಇರುತ್ತದೆ. ತೋಟದ ಮನೆಯಲ್ಲಿ ಇಷ್ಟಪಟ್ಟು ಒಂದು ಕುದುರೆ ಕಟ್ಟಿಕೊಂಡವರೂ ಇದ್ದಾರೆ. ನಾಲ್ಕು ತಿಂಗಳು ಒದ್ದೆಯಲ್ಲಿ ನಿಂತ ಕುದುರೆಯನ್ನು ಹೊರಗೆ ತೆಗೆದಾಗ ಇವರೆಲ್ಲರ ಎದುರಿಗೂ ಒಂದೇ ಪ್ರಶ್ನೆ ಬರಬಹುದು: ಯಾಕೋ ಸ್ವಲ್ಪ ಕುಂಟುತ್ತಿದೆಯಲ್ಲ, ಹತ್ತಬಹುದಾ ಬಿಡಬೇಕಾ?

ಉತ್ತರ ಯಾವ ತೊಂದರೆ ಎಂಬುದನ್ನು ನೋಡಿಕೊಂಡು ಬದಲಾಗುತ್ತದೆ. ಗೊರಸಿನ ಒಂದು ತೊಂದರೆಯಲ್ಲಿ ದಿನಾ ನಡೆಸುವುದೇ ಒಳ್ಳೆಯದು. ಇನ್ನೊಂದರಲ್ಲಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿದರೂ ಕೇಡು. ಮೇಲ್ನೋಟಕ್ಕೆ ಎರಡೂ 'ಸ್ವಲ್ಪ ಕುಂಟು' ಅಷ್ಟೆ. ಅದಕ್ಕೇ ಮೊದಲು ಗೊರಸು ಅಂದರೇನು ಅಂತ ತಿಳಿದುಕೊಳ್ಳೋಣ.

ಗೊರಸಿನ ಒಳಗೆ ಏನಿದೆ

ಹಸುವಿನ ಗೊರಸು ಎರಡಾಗಿ ಸೀಳಿರುತ್ತದೆ. ಕುದುರೆಯದು ಒಂದೇ. ಅಂದರೆ ಪ್ರತಿ ಕಾಲಿನಲ್ಲೂ ಅದು ಒಂದೇ ಬೆರಳಿನ ತುದಿಯ ಮೇಲೆ ನಿಂತಿದೆ. 400 ಕಿಲೋ ಪ್ರಾಣಿಯ ಭಾರವೆಲ್ಲ ಅಷ್ಟು ಚಿಕ್ಕ ಜಾಗದ ಮೇಲೆ. ಅದರಲ್ಲೂ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳಿಗೆ ಹೋಗುತ್ತದೆ. ಗೊರಸಿನ ನೋವು ಮುಂಗಾಲಲ್ಲೇ ಜಾಸ್ತಿ ಕಾಣುವುದು ಈ ಕಾರಣಕ್ಕೆ.

ಹೊರಗೆ ಕಾಣುವ ಗಟ್ಟಿ ಭಾಗಕ್ಕೆ ಗೋಡೆ ಎನ್ನೋಣ. ಅದರಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ. ಸರಿಯಾದ ಜಾಗಕ್ಕೆ ಲಾಳದ ಮೊಳೆ ಹೊಡೆದರೆ ಕುದುರೆಗೆ ನೋವಾಗುವುದಿಲ್ಲ. ಗೋಡೆ ಮೇಲಿನ ಕೂದಲಂಚಿನಿಂದ ಕೆಳಗೆ ಬೆಳೆಯುತ್ತದೆ, ತಿಂಗಳಿಗೆ 6ರಿಂದ 10 ಮಿಲಿಮೀಟರ್. ಮುಂಭಾಗ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಇಂದು ಕಾಣುವ ಬಿರುಕು ಬೆಳೆದು ಹೋಗಲು ಎಷ್ಟು ಕಾಲ ಬೇಕು ಅಂತ ಇದರಲ್ಲೇ ಲೆಕ್ಕ ಸಿಗುತ್ತದೆ.

ಗೋಡೆಯ ಒಳಗೆ ಒಂದು ಮೂಳೆ ಇದೆ. ಅದು ಗೊರಸಿನ ತಳದಲ್ಲಿ ಸುಮ್ನೆ ಕೂತಿಲ್ಲ. ಸುಮಾರು 550ರಿಂದ 600 ತೆಳು ಪದರಗಳು ಅದನ್ನು ಸುತ್ತಲೂ ಹಿಡಿದು ಗೋಡೆಗೆ ತೂಗುಹಾಕಿವೆ. ಇವೇ ಲ್ಯಾಮಿನೆ. ನಮ್ಮ ಉಗುರು ಅದರಡಿಯ ಮಾಂಸಕ್ಕೆ ಅಂಟಿಕೊಂಡಿರುತ್ತದಲ್ಲ, ಹಾಗೆ. ಬಾಗಿಲಿಗೆ ಬೆರಳು ಸಿಕ್ಕಿ ಉಗುರಿನಡಿ ಬಾವು ಬಂದರೆ ಎಂಥಾ ನೋವು ಅಂತ ಅನುಭವಿಸಿದವರಿಗೆ ಗೊತ್ತು. ಉಗುರು ಹಿಗ್ಗುವುದಿಲ್ಲ, ಬಾವಿಗೆ ಹೋಗಲು ಜಾಗವಿಲ್ಲ. ಕುದುರೆಯಾದರೆ ಆ ಬೆರಳಿನ ಮೇಲೇ ನಿಲ್ಲಬೇಕು!

ಗೊರಸು ಎತ್ತಿ ಅಡಿ ನೋಡಿದರೆ ಅಂಗಾಲು ಕಾಣುತ್ತದೆ. ಅದರ ಹಿಂಬದಿಯಿಂದ ನಡುವಿನವರೆಗೆ ಒತ್ತಿದರೆ ಸ್ವಲ್ಪ ಬಾಗುವ ಮೂರು ಮೂಲೆಯ ಭಾಗವೇ ಫ್ರಾಗ್. ಅದರ ಎರಡು ಪಕ್ಕ ಆಳದ ಗೀರು, ನಡುವೆ ಇನ್ನೊಂದು ಸಣ್ಣ ಗೀರು. ಗೋಡೆ ಮತ್ತು ಅಂಗಾಲು ಸೇರುವಲ್ಲಿ ತೆಳು ಗೆರೆಯೊಂದು ಸುತ್ತುವರಿದಿರುತ್ತದೆ, ಅದು ಬಿಳಿಗೆರೆ. ಕುದುರೆ ಹೆಜ್ಜೆ ಊರಿದಾಗ ಗೊರಸಿನ ಹಿಂಭಾಗ ಸ್ವಲ್ಪ ಅಗಲವಾಗಿ ಒಳಗಿನ ರಕ್ತ ಮೇಲಕ್ಕೆ ಹೋಗುತ್ತದೆ. ಎತ್ತಿದಾಗ ಮತ್ತೆ ತುಂಬುತ್ತದೆ. ಹಾಗಾಗಿ ಆರೋಗ್ಯವಂತ ಗೊರಸಿಗೆ ನಡಿಗೆ ಬೇಕೇ ಬೇಕು. ದಿನವಿಡೀ ಕಟ್ಟಿಹಾಕಿದ ಕುದುರೆಯ ಗೊರಸು ಕೆಡುವುದು ಬೇಗ.

ಕರಾವಳಿಯ ಒದ್ದೆ

ಕುದುರೆ ಒಣ ಬಯಲಿನ ಪ್ರಾಣಿ. ಮಾರ್ವಾಡಿ, ಕಾಠಿಯಾವಾಡಿ ತಳಿಗಳು ಬಂದದ್ದು ರಾಜಸ್ಥಾನ, ಗುಜರಾತ್‌ನ ಒಣ ನೆಲದಿಂದ. ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗೊರಸು ನೀರು ಹೀರಿಕೊಂಡು ಮೆತ್ತಗಾಗುತ್ತದೆ. ಮೊಳೆ ತೂತು ಸಡಿಲವಾಗಿ ಲಾಳ ಅಲುಗಾಡುತ್ತದೆ. ಬಿಳಿಗೆರೆ ಬಾಯಿಬಿಟ್ಟು ಅದರೊಳಗೆ ಮುರಕಲ್ಲಿನ ಹರಳು ಸೇರುತ್ತದೆ. ಮಳೆ ನಿಂತ ಮೇಲೆ ಬಿಸಿಲಿಗೆ ಅದೇ ಗೊರಸು ಒಣಗಿ ಸೀಳು ಬಿಡುತ್ತದೆ. ಒದ್ದೆ ಒಂದೇ ಆಗಿದ್ದರೂ ಗೊರಸು ಹೇಗೋ ತಡೆದುಕೊಳ್ಳುತ್ತಿತ್ತು. ಒದ್ದೆ, ಒಣ, ಮತ್ತೆ ಒದ್ದೆ ಎಂಬ ಈ ಸರದಿ ಅದನ್ನು ಹಾಳು ಮಾಡುತ್ತದೆ.

ಲಾಯದ ನೆಲವನ್ನು ನೋಡಿದರೆ ಅರ್ಧ ಕತೆ ಗೊತ್ತಾಗುತ್ತದೆ. ಸುತ್ತಲಿನ ಅಂಗಳಕ್ಕಿಂತ ಎತ್ತರವಾಗಿರಬೇಕು. ಉಚ್ಚೆ ಹರಿದು ಹೋಗುವಷ್ಟು ಇಳಿಜಾರು ಬೇಕು. ಮೇಲೆ ಮರದ ಮಿಲ್ಲಿನ ಹೊಟ್ಟು ದಪ್ಪಗೆ ಹರಡಿ, ಒದ್ದೆಯಾದ ಭಾಗವನ್ನು ದಿನಾ ತೆಗೆದು ಹಾಕಬೇಕು. ಕೆಳಗೆ ರಬ್ಬರ್ ಹಾಸು ಇದ್ದರೆ ಇನ್ನೂ ಅನುಕೂಲ. ಒಳಗೆ ಹೋದ ಕೂಡಲೇ ಕಣ್ಣು ಉರಿಯುವಂಥ ಘಾಟು ಬಂದರೆ ಗೊರಸು ಆ ಘಾಟಿನಲ್ಲೇ ನಿಂತಿದೆ ಎಂದರ್ಥ. ನನ್ನ ಮಟ್ಟಿಗೆ, ಕರಾವಳಿಯಲ್ಲಿ ಕುದುರೆ ಸಾಕುವವರು ಮೊದಲ ದುಡ್ಡು ನೆಲಕ್ಕೆ ಹಾಕಬೇಕು, ಆಮೇಲೆ ಜೀನಿಗೆ.

ಎತ್ತಿ ನೋಡುವ ಕ್ರಮ

ಭುಜದ ಪಕ್ಕ, ಕುದುರೆಯ ಬಾಲದ ಕಡೆ ಮುಖ ಮಾಡಿ ನಿಲ್ಲಿ. ಅಂಗೈಯನ್ನು ಕಾಲಿನ ಹಿಂಬದಿಯಲ್ಲಿ ಮೇಲಿಂದ ಕೆಳಗೆ ಜಾರಿಸುತ್ತಾ ಬನ್ನಿ. ಕೆಳಗಿನ ಗೆಣ್ಣಿನ ಮೇಲೆ ಮೆಲ್ಲಗೆ ಚಿವುಟಿ, ನಿಮ್ಮ ಭುಜದಿಂದ ಸ್ವಲ್ಪ ಒತ್ತಿದರೆ ಪಳಗಿದ ಕುದುರೆ ಕಾಲು ಎತ್ತುತ್ತದೆ. ಯಾವತ್ತೂ ಸಲೀಸಾಗಿ ಎತ್ತುವ ಕಾಲನ್ನು ಇವತ್ತು ಎತ್ತಲು ಒಲ್ಲೆ ಅಂದರೆ ಅದೂ ಸೂಚನೆಯೇ. ಆ ಕಾಲು ಎತ್ತಿದಾಗ ಎದುರಿನ ಕಾಲಿನ ಮೇಲೆ ಭಾರ ಜಾಸ್ತಿಯಾಗುತ್ತದೆ. ನೋವು ಅಲ್ಲಿರಬಹುದು.

ಗೊರಸು ಬಿಡಿಸುವ ಕಬ್ಬಿಣದ ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆರೆಯಿರಿ. ಫ್ರಾಗ್‌ನ ಎರಡೂ ಪಕ್ಕದ ಗೀರು ಬಿಡಿಸಿ. ನಡುವಿನ ಗೀರನ್ನು ಮರೆಯುವವರೇ ಜಾಸ್ತಿ, ಕೊಳೆ ಶುರುವಾಗುವುದು ಎಷ್ಟೋ ಸಲ ಅಲ್ಲೇ. ಬ್ರಷ್ ಹಾಕಿ ಒರೆಸಿ. ಈಗ ಮೂಗು ಹತ್ತಿರ ತನ್ನಿ. ಚೆನ್ನಾಗಿರುವ ಗೊರಸಿಗೆ ಮಣ್ಣಿನ ವಾಸನೆ ಇರುತ್ತದೆ. ಹೆಬ್ಬೆರಳಿನಿಂದ ಅಂಗಾಲು ಒತ್ತಿ, ಎಲ್ಲಾದರೂ ಕಾಲು ಎಳೆದುಕೊಳ್ಳುತ್ತದಾ ನೋಡಿ. ಕೊಕ್ಕೆಯ ಹಿಡಿಯಿಂದ ಗೋಡೆಗೆ ತಟ್ಟಿ. ಟೊಳ್ಳು ಸದ್ದು ಬಂದರೆ, ಬಿಳಿಗೆರೆ ಸುಣ್ಣದ ಪುಡಿಯ ಹಾಗೆ ಉದುರುತ್ತಿದ್ದರೆ ಗೋಡೆ ಒಳಗಿಂದ ಬಿಡುತ್ತಿದೆ. ಲಾಳದವರನ್ನು ಕೂಡಲೇ ಕರೆಸಬೇಕು.

ಕಾಲು ಕೆಳಗಿಟ್ಟ ಮೇಲೆ ಇನ್ನೆರಡು ಕೆಲಸ. ನಾಲ್ಕು ಗೊರಸಿಗೂ ಅಂಗೈ ಇಟ್ಟು ಬಿಸಿ ಹೋಲಿಸಿ ನೋಡಿ. ಬಿಸಿಲಲ್ಲಿ ನಿಂತಿದ್ದರೆ ನಾಲ್ಕೂ ಬಿಸಿ ಇರುತ್ತವೆ, ಒಂದೇ ಬಿಸಿ ಇದ್ದರೆ ಯೋಚಿಸಬೇಕು. ಆಮೇಲೆ ಗೊರಸಿನ ಮೇಲಿನ ಗೆಣ್ಣಿನ ಹಿಂಬದಿ, ಎರಡು ಪಕ್ಕದಲ್ಲಿ ಬೆರಳಿಟ್ಟು ನಾಡಿ ಹುಡುಕಿ. ಆರೋಗ್ಯವಾಗಿದ್ದರೆ ಅದು ಸಿಗುವುದೇ ಕಷ್ಟ. ಗೊರಸಿನಲ್ಲಿ ಉರಿಯೂತ ಇದ್ದರೆ ಬೆರಳಿಗೆ ಬಡಿಯುವ ಹಾಗೆ ಸಿಗುತ್ತದೆ. ಕುದುರೆ ಚೆನ್ನಾಗಿರುವಾಗಲೇ ಇದನ್ನು ನೋಡಿ ಅಭ್ಯಾಸ ಮಾಡಿಕೊಂಡರೆ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ.

ಕುಂಟು ಯಾವ ಕಾಲಲ್ಲಿ ಎಂದು ನೋಡಲು ಗಟ್ಟಿ, ಸಮ ನೆಲದಲ್ಲಿ ಯಾರಾದರೂ ಹಗ್ಗ ಸಡಿಲ ಬಿಟ್ಟು ಹಗುರ ಓಟದಲ್ಲಿ ಓಡಿಸಲಿ. ಮುಂಗಾಲಿನ ನೋವಾದರೆ ನೋವಿನ ಕಾಲು ಊರುವಾಗ ತಲೆ ಮೇಲಕ್ಕೆ ಹೋಗುತ್ತದೆ, ಒಳ್ಳೆಯ ಕಾಲು ಊರುವಾಗ ಕೆಳಗೆ ಬರುತ್ತದೆ. ಆದರೆ ನಿಂತಲ್ಲೇ ನೋವು ಕಾಣುತ್ತಿರುವ ಕುದುರೆಯನ್ನು ಪರೀಕ್ಷೆಗೆಂದು ಓಡಿಸಬೇಡಿ.

ಕೊಳೆತ ಫ್ರಾಗ್

ಮಳೆಗಾಲದ ಕಾಯಿಲೆ ಇದು. ಥ್ರಷ್ ಅನ್ನುತ್ತಾರೆ. ಫ್ರಾಗ್‌ನ ಗೀರುಗಳಲ್ಲಿ ಕಪ್ಪು ಲೋಳೆ, ಮೂಗು ಮುಚ್ಚುವ ನಾತ. ಗಾಳಿಯಾಡದ, ಕೊಳೆ ತುಂಬಿದ ಸಂದಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳೇ ಕಾರಣ. ಹಾಗಾಗಿ ಮದ್ದಿನ ಅರ್ಧ ಭಾಗ ಗಾಳಿ ಮತ್ತು ಒಣ ನೆಲ. ದಿನಾ ಕೆರೆದು, ತೊಳೆದು, ಬಟ್ಟೆಯಿಂದ ಒತ್ತಿ ಒಣಗಿಸಿ, ಪೊವಿಡೋನ್ ಅಯೋಡಿನ್ ಹಚ್ಚಿದರೆ ಮೇಲ್ಮೇಲಿನದು ಸರಿಹೋಗುತ್ತದೆ. ಕೊಳೆತ ಚೂರುಗಳನ್ನು ಲಾಳದವರು ಕತ್ತರಿಸಿ ತೆಗೆಯಬೇಕಾಗಬಹುದು.

ಅಡಿಕೆ ತೋಟ ಇರುವ ಮನೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತು ಇದ್ದೇ ಇರುತ್ತದೆ. ಗೊರಸಿನ ಕೊಳೆಗೂ ಅದು ಕೆಲಸ ಮಾಡುವುದು ಹೌದು. ಆದರೆ ಗಟ್ಟಿ ದ್ರಾವಣ ಹಸಿ ಮಾಂಸವನ್ನು ಸುಡುತ್ತದೆ. ಎಷ್ಟು ತೆಳುವಾಗಿ, ಎಲ್ಲಿಗೆ ಎಂದು ವೈದ್ಯರನ್ನು ಕೇಳಿಯೇ ಹಾಕಿ. ತೆಂಗಿನೆಣ್ಣೆಯಿಂದ ಗೊರಸು ಹೊಳೆಯುತ್ತದೆ, ಕೊಳೆ ಹೋಗುವುದಿಲ್ಲ.

ಸವಾರಿ? ಒತ್ತಿದರೆ ನೋವಿಲ್ಲ, ಕುಂಟು ಇಲ್ಲ ಎಂದಾದರೆ ಒಣ ನೆಲದಲ್ಲಿ ಹಗುರ ಸವಾರಿ ಮಾಡಬಹುದು, ಒಳ್ಳೆಯದೇ. ನಡುವಿನ ಗೀರು ಬಿರುಕಿನಂತೆ ಹಿಮ್ಮಡಿಯವರೆಗೆ ಸೀಳಿದ್ದರೆ, ಕೊಕ್ಕೆ ತಾಗಿದ ಕೂಡಲೇ ಕಾಲು ಕಿತ್ತುಕೊಂಡರೆ ಬಿಟ್ಟುಬಿಡಿ.

ಒಳಗೆ ಕೀವು

ನಿನ್ನೆ ಸಂಜೆ ಸರಿ ಇದ್ದ ಕುದುರೆ ಇವತ್ತು ಬೆಳಿಗ್ಗೆ ಮೂರೇ ಕಾಲಲ್ಲಿ ನಿಂತಿದ್ದರೆ ಕಾಲು ಮುರಿದಿದೆ ಎಂದೇ ಮನೆಯವರು ಹೆದರುತ್ತಾರೆ. ಅಂಗಾಲಿನೊಳಗೆ ಕೀವು ತುಂಬಿದರೂ ಹೀಗೇ ಆಗುತ್ತದೆ. ಎರಡರಲ್ಲಿ ಯಾವುದು ಎಂದು ವೈದ್ಯರೇ ಹೇಳಬೇಕು. ಕೀವಾಗಿದ್ದರೆ ವೈದ್ಯರು ಅದು ಹೊರಬರಲು ದಾರಿ ಮಾಡಿಕೊಟ್ಟ ಮೇಲೆ ಒಂದೆರಡು ದಿನದಲ್ಲೇ ಕುದುರೆ ಕಾಲೂರುವುದುಂಟು. ಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ಕಾಲು ನೆನೆಸುತ್ತಾರೆ. ಬಳಿಕ ಮಗುವಿನ ಡೈಪರ್ ಸುತ್ತಿ ಮೇಲೆ ಗಟ್ಟಿ ಟೇಪ್ ಅಂಟಿಸುತ್ತಾರೆ. ಕೇಳಲು ತಮಾಷೆ, ಆದರೆ ಗೊರಸಿಗೆ ಅಷ್ಟು ಸರಿಯಾಗಿ ಕೂರುವ ಬ್ಯಾಂಡೇಜು ಇಷ್ಟು ಸುಲಭವಾಗಿ ಬೇರೆ ಸಿಗುವುದಿಲ್ಲ.

ಅಂಗಾಲಿಗೆ ಮೊಳೆ ಹೊಕ್ಕಿದ್ದು ಕಂಡರೆ ಕೈ ತಾನಾಗಿ ಅದನ್ನು ಕೀಳಲು ಹೋಗುತ್ತದೆ. ತಡೆಯಿರಿ. ಎಷ್ಟು ಆಳ, ಯಾವ ದಿಕ್ಕು ಎಂದು ವೈದ್ಯರು ಎಕ್ಸ್‌ರೇಯಲ್ಲಿ ನೋಡಬೇಕಾಗಬಹುದು. ಕುದುರೆ ಊರಿದಾಗ ಇನ್ನೂ ಒಳಗೆ ಹೋಗುವ ಹಾಗಿದ್ದರೆ ಮಾತ್ರ ತೆಗೆದು, ತೂತು ಇದ್ದ ಜಾಗಕ್ಕೆ ಗುರುತು ಮಾಡಿ. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವ ರೋಗ. ಟಿಟಿ ಲಸಿಕೆ ಯಾವಾಗ ಆಗಿದೆ ಎಂದು ಬರೆದಿಟ್ಟುಕೊಳ್ಳಿ. ಕೀವು ಪೂರ್ತಿ ಹೋಗಿ, ತೂತು ಗಟ್ಟಿಯಾಗಿ, ಕುಂಟು ನಿಲ್ಲುವವರೆಗೆ ಸವಾರಿಯ ಮಾತೇ ಇಲ್ಲ.

ಲ್ಯಾಮಿನೈಟಿಸ್: ಒಂದು ಹೆಜ್ಜೆಯೂ ಬೇಡ

ಮೂಳೆಯನ್ನು ಗೋಡೆಗೆ ತೂಗುಹಾಕಿದ ಪದರಗಳಿಗೇ ಉರಿಯೂತ ಬಂದರೆ ಅದು ಲ್ಯಾಮಿನೈಟಿಸ್. ಪದರ ಬಿಟ್ಟರೆ ಕುದುರೆಯ ಭಾರಕ್ಕೆ ಮೂಳೆ ಒಳಗೇ ವಾಲುತ್ತದೆ, ಕೆಲವೊಮ್ಮೆ ಕೆಳಗೆ ಇಳಿಯುತ್ತದೆ. ಹಾಗಾದ ಮೇಲೆ ಮೊದಲಿನಂತೆ ಮಾಡುವುದು ಬಹಳ ಕಷ್ಟ. ಎಲ್ಲ ಲಾಭವೂ ಮೊದಲ ದಿನ ಗುರುತಿಸುವುದರಲ್ಲೇ ಇದೆ.

ಗುರುತು ಹೀಗೆ: ಎರಡೂ ಮುಂಗಾಲಿನ ಗೊರಸು ಬಿಸಿ, ನಾಡಿ ಬಡಿತ ಜೋರು. ಹೆಜ್ಜೆ ಚಿಕ್ಕದು. ತಿರುಗಿಸಲು ಹೋದರೆ ಒಲ್ಲೆ ಎನ್ನುತ್ತದೆ. ಜಾಸ್ತಿಯಾದಾಗ ಮುಂಗಾಲು ಮುಂದಕ್ಕೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಎರಡೂ ಕಾಲು ಸಮನಾಗಿ ನೋಯುವುದರಿಂದ ಕುಂಟು ಎದ್ದು ಕಾಣುವುದಿಲ್ಲ. "ಇವತ್ತು ಸ್ವಲ್ಪ ಸೋಮಾರಿ" ಎಂದು ಚಾಟಿ ತೋರಿಸಿ ನಡೆಸುವವರು ಇಲ್ಲೇ ಎಡವುವುದು.

ಕಾರಣಗಳಲ್ಲಿ ಮೊದಲನೆಯದು ಹೊಟ್ಟೆ. ಕುದುರೆಯ ಜೀರ್ಣಾಂಗ ಹುಲ್ಲಿಗಾಗಿ ಇರುವುದು. ಒಮ್ಮೆಲೇ ಜಾಸ್ತಿ ಧಾನ್ಯ ಬಿದ್ದರೆ ಸಣ್ಣ ಕರುಳಿನಲ್ಲಿ ಕರಗದ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಹುಳಿಯಾಗುತ್ತದೆ. ಅಲ್ಲಿಂದ ರಕ್ತಕ್ಕೆ ಸೇರುವ ವಿಷ ಗೊರಸಿನ ಪದರಕ್ಕೆ ಏಟು ಕೊಡುತ್ತದೆ. ನಮ್ಮ ಕಡೆ ಹಟ್ಟಿಯ ಹಸುವಿಗೆ ಗಂಜಿ, ಮಿಕ್ಕಿದ ಅನ್ನ, ಹಲಸಿನ ಹಣ್ಣು ಹಾಕುವ ರೂಢಿ ಇದೆ. ಮನೆಯಲ್ಲಿ ಪೂಜೆ, ಮದುವೆ ಆದ ಮರುದಿನ ಅದೇ ಪ್ರೀತಿಯನ್ನು ಕುದುರೆಗೂ ತೋರಿಸಬೇಡಿ. ಹುರುಳಿಯನ್ನೂ ಅಳೆದೇ ಕೊಡಬೇಕು. ಕೊಬ್ಬಿದ ಕುದುರೆಗಳಿಗೆ ಇನ್ಸುಲಿನ್ ಏರುಪೇರಿನಿಂದಲೂ ಇದು ಬರುತ್ತದೆ. ಗಟ್ಟಿ ಡಾಂಬರಿನ ಮೇಲೆ ದೂರ ಓಡಿಸಿದರೂ ಬರಬಹುದು. ಒಂದು ಕಾಲಿಗೆ ಪೆಟ್ಟಾಗಿ ವಾರಗಟ್ಟಲೆ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದರೂ ಅಷ್ಟೆ.

ಸಂಶಯ ಬಂದ ಕ್ಷಣ ಕುದುರೆಯನ್ನು ಇದ್ದಲ್ಲೇ ನಿಲ್ಲಿಸಿ. 'ನಡೆದರೆ ರಕ್ತ ಓಡುತ್ತದೆ' ಎಂಬ ಹಳೆಯ ಮಾತು ಇಲ್ಲಿ ನಡೆಯುವುದಿಲ್ಲ. ಒಂದೊಂದು ಹೆಜ್ಜೆಯೂ ಪದರವನ್ನು ಇನ್ನಷ್ಟು ಹರಿಯುತ್ತದೆ. ಧಾನ್ಯ ನಿಲ್ಲಿಸಿ. ಕಾಲಡಿ ಹೊಟ್ಟು ದಪ್ಪಗೆ ಹರಡಿ. ಗೊರಸಿನಿಂದ ಮೇಲಿನ ಗೆಣ್ಣಿನವರೆಗೆ ಮಂಜುಗಡ್ಡೆ ನೀರಿನಲ್ಲಿಡಿ, ಮೊದಲ ಎರಡು ಮೂರು ದಿನ ಇದರಿಂದ ಬಹಳ ಉಪಯೋಗ. ಮಲ್ಪೆ, ಮಂಗಳೂರಿನ ಮೀನುಗಾರಿಕಾ ಬಂದರುಗಳ ಹತ್ತಿರ ಐಸ್ ಸಿಗುವುದು ಕಷ್ಟವೇನಲ್ಲ. ವೈದ್ಯರಿಗೆ ಹೇಳುವಾಗ 'ಕುಂಟು' ಅನ್ನಬೇಡಿ, 'ಲ್ಯಾಮಿನೈಟಿಸ್ ಸಂಶಯ' ಅನ್ನಿ. ಬೇಗ ಬರಲು ಆ ಒಂದು ಪದ ಸಾಕು.

ಸವಾರಿ ಮತ್ತೆ ಯಾವಾಗ ಎಂಬುದು ಎಕ್ಸ್‌ರೇ ನೋಡಿ ತೀರ್ಮಾನಿಸುವ ಮಾತು, ಅದೂ ತಿಂಗಳುಗಳ ಲೆಕ್ಕ. ನೋವಿನ ಮದ್ದು ಕೊಟ್ಟ ದಿನ ಕುದುರೆ ಚೆನ್ನಾಗಿ ನಡೆದರೆ ಗುಣವಾಯಿತು ಅಂತ ತಿಳಿಯಬೇಡಿ. ಪದರ ಇನ್ನೂ ಹಸಿಯಾಗಿಯೇ ಇರುತ್ತದೆ. ಹೊಸ ಕುದುರೆ ಕೊಳ್ಳುವವರು ಗೋಡೆಯ ಮೇಲಿನ ಉಂಗುರದಂಥ ಗೆರೆಗಳನ್ನು ನೋಡಿ. ಗೆರೆಗಳ ನಡುವಿನ ಅಂತರ ಮುಂಭಾಗಕ್ಕಿಂತ ಹಿಮ್ಮಡಿಯಲ್ಲಿ ಜಾಸ್ತಿ ಇದ್ದರೆ ಈ ಕಾಯಿಲೆ ಹಿಂದೆ ಬಂದು ಹೋಗಿರುವ ಸಂಭವ ಇದೆ.

ಹಿಮ್ಮಡಿಯ ನೋವು

ಗೊರಸಿನ ಹಿಂಭಾಗದೊಳಗೆ ನ್ಯಾವಿಕ್ಯುಲರ್ ಎಂಬ ಚಿಕ್ಕ ಮೂಳೆ ಇದೆ. ಕಾಲಿನ ದೊಡ್ಡ ಸ್ನಾಯುರಜ್ಜು ಅದರ ಮೇಲೆ ಹಾದು ಹೋಗುತ್ತದೆ. ಗೊರಸಿನ ಮುಂಭಾಗ ಉದ್ದ ಬೆಳೆದು ಹಿಮ್ಮಡಿ ತಗ್ಗಿದ್ದರೆ ಹೆಜ್ಜೆ ಎತ್ತುವಾಗಲೆಲ್ಲ ಆ ಮೂಳೆಯ ಮೇಲೆ ಒತ್ತಡ ಬೀಳುತ್ತದೆ. ವರ್ಷಗಳ ಮೇಲೆ ಸವೆತ, ನೋವು. ಸಾಮಾನ್ಯವಾಗಿ ನಡುವಯಸ್ಸಿನ ಕುದುರೆಗಳ ಎರಡೂ ಮುಂಗಾಲಿನಲ್ಲಿ ಕಾಣುತ್ತದೆ. ಇವತ್ತು ಕುಂಟು, ನಾಳೆ ಇಲ್ಲ. ಗಟ್ಟಿ ನೆಲದಲ್ಲಿ, ಚಿಕ್ಕ ವೃತ್ತದಲ್ಲಿ ತಿರುಗಿಸಿದಾಗ ಜಾಸ್ತಿ. ಹಿಮ್ಮಡಿಗೆ ಬದಲು ಗೊರಸಿನ ತುದಿಯನ್ನು ಮೊದಲು ಊರುತ್ತದೆ, ಅದಕ್ಕೇ ಎಡವುತ್ತದೆ. ಮೊಬೈಲಿನಲ್ಲಿ ಪಕ್ಕದಿಂದ ನಿಧಾನಗತಿಯ ವಿಡಿಯೋ ಮಾಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಸವಾರಿಯನ್ನು ನಿಲ್ಲಿಸದೆ ಹೊಂದಿಸಿಕೊಂಡು ಹೋಗಬಹುದಾದ ತೊಂದರೆ ಇದು. ಮುಂಭಾಗ ಕತ್ತರಿಸಿ ಹಿಮ್ಮಡಿಗೆ ಆಧಾರ ಕೊಡುವ ಲಾಳ, ವೈದ್ಯರು ಹೇಳಿದ ಮದ್ದು, ದಿನಾ ಸ್ವಲ್ಪ ಸಮ ನೆಲದ ನಡಿಗೆ. ಲಾಯದಲ್ಲಿ ಕಟ್ಟಿಹಾಕಿ ವಾರದ ಕೊನೆಗೆ ಒಮ್ಮೆಲೇ ಎರಡು ಗಂಟೆ ಓಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಜಿಗಿತ, ಸಣ್ಣ ಸುತ್ತು, ಕಡಿದಾದ ಇಳಿಜಾರು, ಕಾಂಕ್ರೀಟಿನ ಮೇಲೆ ಓಟ ಬಿಡಬೇಕು. ಮೊದಲ ಹತ್ತು ನಿಮಿಷ ಬರೀ ನಡಿಗೆ. ಹೆಜ್ಜೆ ಚಿಕ್ಕದಾಗುತ್ತಾ ಬಂದರೆ ಇಳಿದು ಕೈಹಿಡಿದು ವಾಪಸ್ ತನ್ನಿ.

ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಆಗಬಾರದು ಎಂಬುದು ಸಾಮಾನ್ಯ ಲೆಕ್ಕ. 350 ಕಿಲೋ ಕುದುರೆಗೆ 70 ಕಿಲೋ. ಅದೂ ಗಟ್ಟಿಮುಟ್ಟಾದ ಕುದುರೆಗೆ. ಗೊರಸು ನೋಯುವುದಕ್ಕೆ ಇನ್ನೂ ಕಡಿಮೆ.

ಮರಳು, ಉಪ್ಪುನೀರು

ಮರಳು ಮೆತ್ತಗೆ, ಕಾಲಿಗೆ ಹಿತ ಎಂದು ಅನಿಸುವುದು ಸಹಜ. ಮೇಲಿನ ಒಣ, ಸಡಿಲ ಮರಳಿನಲ್ಲಿ ಗೊರಸು ಹೂತು ಸ್ನಾಯುರಜ್ಜುಗಳಿಗೆ ಶ್ರಮ ಜಾಸ್ತಿ. ಅಲೆ ಬಂದು ಹೋದ ಅಂಚಿನ ಬಿಗಿ ಮರಳು ನಡಿಗೆಗೆ ಒಳ್ಳೆಯದು. ಆದರೆ ಅಲ್ಲಿ ನೆಲ ಕಡಲ ಕಡೆ ವಾಲಿರುತ್ತದೆ, ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಒಂದು ಪಕ್ಕದ ಕಾಲಿಗೇ ಏಟು. ಅಷ್ಟೇ ದೂರ ತಿರುಗಿ ಬನ್ನಿ. ಉಪ್ಪುನೀರು ಗೊರಸಿನ ಕಾಯಿಲೆಗೆ ಮದ್ದು ಎಂದು ನಂಬಿ ಬಿಡಬೇಡಿ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಗೀರುಗಳ ಮರಳು ತೆಗೆದು, ಒಣ ನೆಲದಲ್ಲಿ ಕಟ್ಟಿ.

ಲಾಳದವರು, ವೈದ್ಯರು

ಗೊರಸು ಕತ್ತರಿಸಲು 4ರಿಂದ 6 ವಾರಕ್ಕೊಮ್ಮೆ ಬೇಕು, ಹೆಚ್ಚೆಂದರೆ 8. ಕುದುರೆ ಕಡಿಮೆ ಇರುವ ಊರಲ್ಲಿ ಲಾಳದವರೂ ಕಡಿಮೆ. ರೇಸ್‌ಕೋರ್ಸ್ ಇರುವ ಬೆಂಗಳೂರು, ಮೈಸೂರಿನಲ್ಲಿ ನುರಿತವರು ಸಿಗುತ್ತಾರೆ. ಕುದುರೆ ಇರುವ ನಾಲ್ಕು ಮನೆಯವರು ಸೇರಿ ಒಂದೇ ದಿನ ಕರೆಸಿದರೆ ಖರ್ಚೂ ಹಂಚಿ ಹೋಗುತ್ತದೆ. ಲಾಳ ಕಿತ್ತುಹೋಗುವವರೆಗೆ ಕಾಯುವುದು ಉಳಿತಾಯ ಅಲ್ಲವೇ ಅಲ್ಲ, ಉದ್ದ ಬೆಳೆದ ಗೊರಸೇ ಹಿಮ್ಮಡಿ ನೋವಿನ ಬೇರು.

ಬಯೋಟಿನ್ ಎಂಬ ವಿಟಮಿನ್ ಪುಡಿಯ ಬಗ್ಗೆ ಹಲವರು ಕೇಳುತ್ತಾರೆ. ದಿನಕ್ಕೆ ಸುಮಾರು 20 ಮಿಲಿಗ್ರಾಂ ಕೊಟ್ಟರೆ ಹೊಸದಾಗಿ ಬೆಳೆಯುವ ಗೊರಸು ಕೆಲವು ಕುದುರೆಗಳಲ್ಲಿ ಗಟ್ಟಿ ಬರುತ್ತದೆ. ಇದ್ದ ಬಿರುಕನ್ನು ಅದು ಅಂಟಿಸುವುದಿಲ್ಲ. ತಿಂಗಳುಗಟ್ಟಲೆ ಕೊಡಬೇಕು.

ಪಶು ಆಸ್ಪತ್ರೆಗೆ ಹೋಗಲಾಗದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಹೆಚ್ಚಿನ ಪರೀಕ್ಷೆ ಬೇಕಾದಾಗ ಶಿವಮೊಗ್ಗ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕಡೆ ಕೇಳಬಹುದು. ಆದರೆ ಲ್ಯಾಮಿನೈಟಿಸ್ ಸಂಶಯವಿದ್ದರೆ ಕುದುರೆಯನ್ನು ಲಾರಿಗೆ ಹತ್ತಿಸುವ ಮೊದಲು ವೈದ್ಯರ ಒಪ್ಪಿಗೆ ಬೇಕು. ಘಾಟಿಯ ತಿರುವಿನಲ್ಲಿ ನಿಂತುಕೊಂಡು ಹೋಗುವುದೂ ಅದಕ್ಕೆ ಕೆಲಸವೇ.

ಬಾಡಿಗೆ ಕುದುರೆ ಹತ್ತುವವರಿಗೆ

ದುಡ್ಡು ಕೊಡುವ ಮೊದಲು ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ತೋರಿಸಲು ಹೇಳಿ. ತಲೆ ಹೆಜ್ಜೆಗೊಮ್ಮೆ ಮೇಲೆ ಕೆಳಗೆ ಹೋಗುತ್ತಿದೆಯಾ? ನಿಂತಾಗ ಒಂದು ಮುಂಗಾಲು ಮುಂದಕ್ಕೆ ಚಾಚಿ ಭಾರ ತಪ್ಪಿಸುತ್ತಿದೆಯಾ? ಹಿಂಗಾಲನ್ನು ಸಡಿಲ ಬಿಟ್ಟು ನಿಲ್ಲುವುದು ಸಹಜ ವಿಶ್ರಾಂತಿ, ಮುಂಗಾಲನ್ನು ಹಾಗೆ ಇಡುವುದು ಸಹಜ ಅಲ್ಲ. ಗೊರಸಿನಲ್ಲಿ ಕೂದಲಂಚಿನವರೆಗೆ ಬಿರುಕು, ಅಲುಗಾಡುವ ಲಾಳ, ಹತ್ತಿರ ಹೋದರೆ ನಾತ ಇದ್ದರೆ ಮಗುವಿಗೆ ಬೇರೆ ಏನಾದರೂ ಆಟ ತೋರಿಸಿ.

ಮಾಲೀಕರ ಹತ್ತಿರ ಜಗಳ ಬೇಕಿಲ್ಲ. ಆ ಕುದುರೆಯಿಂದಲೇ ಅವರ ಹೊಟ್ಟೆಪಾಡು. 'ಅಣ್ಣಾ, ಇದರ ಎಡಗಾಲು ನೋಡಿ, ಊರುವಾಗ ನೋವಾಗ್ತಿದೆ' ಎಂದು ತೋರಿಸಿದರೆ ಕೇಳುವವರು ಇದ್ದಾರೆ. ಕೇಳದವರಿಗೆ ಕಾನೂನಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಕಾಯಿಲೆ, ಗಾಯ, ಹುಣ್ಣಿನಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು ಅಪರಾಧ. ದೂರನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಡಬಹುದು. ಕುದುರೆ ನಡೆಯುವ ಸಣ್ಣ ವಿಡಿಯೋ ಜೊತೆಗಿದ್ದರೆ ಯಾವ ಕಾಲು ಎಂದು ವೈದ್ಯರಿಗೂ ತಿಳಿಯುತ್ತದೆ.